ಭೂಗರ್ಭಶಾಸ್ತ್ರದ ಪದವಿಯೂ ನಾಲ್ಕು ಗೋಡೆಗಳೂ

ಚಿತ್ರದುರ್ಗದಿಂದ ಹಿರಿಯೂರಿನ ಕಡೆಗೆ ಹೋಗುವಾಗ ಐಮಂಗಲಕ್ಕೆ ಸಮೀಪವಾಗಿ ಮರಡಿಹಳ್ಳಿ ಎಂಬ ಗ್ರಾಮವೊಂದುಂಟು. ಅಲ್ಲಿಯ ಬಂಡೆಯು ದೂರದಿಂದ ನೋಡಿದವರಿಗೆ ಹಸುರುಗಪ್ಪಿನ ಸಾಮಾನ್ಯ ಕಲ್ಲು. ಹತ್ತಿರ ಹೋಗಿ ನಿಂತವರಿಗೆ, ಯಾರೋ ನೂರಾರು ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿ ಮರೆತು ಹೋದಂತೆ ತೋರುವುದು. ಭೂಮಿಯ ಒಡಲಿನಿಂದ ಉಕ್ಕಿದ ಲಾವಾರಸವು ನೀರಿನ ಅಡಿಯಲ್ಲಿ ಹರಿದು, ಹೊರಮೈ ಥಟ್ಟನೆ ಆರಿ, ದಿಂಬಿನಾಕಾರವಾಗಿ ಹೆಪ್ಪುಗಟ್ಟಿದ ಶಿಲೆ ಅದು. ಇದು ನಡೆದದ್ದು 250 ಕೋಟಿ ವರ್ಷಗಳಿಗೂ ಹಿಂದೆ. ಇಂದು ಮಳೆಗಾಗಿ ಮುಗಿಲು ನೋಡುವ ಆ ಒಣನೆಲದ ಮೇಲೆ ಅಂದು ನೀರು ನಿಂತಿದ್ದಿತೆಂಬುದಕ್ಕೆ ಆ ಬಂಡೆಯೇ ಸಾಕ್ಷಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ದಿಂಬುಲಾವಾ ಎಂದರೇನೆಂದು ಪರೀಕ್ಷೆಯಲ್ಲಿ ಕೇಳಿದರೆ ಬಿ.ಎಸ್‌ಸಿ. ವಿದ್ಯಾರ್ಥಿಯು ಒಂದೂವರೆ ಪುಟ ಬರೆಯುವನು, ಅಂಕವನ್ನೂ ಪಡೆಯುವನು. ಆದರೆ ಅದೇ ವಿದ್ಯಾರ್ಥಿಯನ್ನು ಆ ಬಂಡೆಯ ಮುಂದೆ ನಿಲ್ಲಿಸಿ ಇದೇನೆಂದು ಕೇಳಿದರೆ, ಕಲ್ಲು ಎನ್ನುವನು. ಇದಕ್ಕಿಂತ ವಿಪರೀತವು ಮತ್ತಾವುದಿದ್ದೀತು?

ಭೂಗರ್ಭಶಾಸ್ತ್ರವನ್ನು ಪದವಿಗೆ ವಿಷಯವಾಗಿ ತೆಗೆದುಕೊಂಡವನ ಓದು ಬಹುಮಟ್ಟಿಗೆ ಹೇಗೆ ಸಾಗುವುದೆಂಬುದನ್ನು ಬಲ್ಲವರು ಬಲ್ಲರು. ಮೊದಲು ಮರದಲ್ಲಿ ಕಡೆದ ಸ್ಫಟಿಕಾಕೃತಿಗಳನ್ನು ಕೈಯಲ್ಲಿ ತಿರುಗಿಸಿ ಮುಖಗಳನ್ನೂ ಅಕ್ಷಗಳನ್ನೂ ಎಣಿಸುವುದು. ಆಮೇಲೆ ಸಂಖ್ಯೆ ಅಂಟಿಸಿದ ಖನಿಜದ ತುಂಡುಗಳನ್ನು ಪೆಟ್ಟಿಗೆಯಿಂದ ತೆಗೆದು ನೋಡಿ ತಿರುಗಿ ಪೆಟ್ಟಿಗೆಗೆ ಹಾಕುವುದು. ಅಚ್ಚಿನಲ್ಲಿ ಎರೆದ ಶಂಖ ಚಿಪ್ಪುಗಳ ಚಿತ್ರ ಬರೆಯುವುದು. ಕೊನೆಗೆ ಮೇಷ್ಟರು ಹೇಳಿದ ನೋಟ್ಸನ್ನು ಉರುಹೊಡೆಯುವುದು. ಪೆಟ್ಟಿಗೆಯ ತುಂಡುಗಳು ಎಷ್ಟೋ ವರ್ಷಗಳಿಂದ ಎಷ್ಟೋ ಕೈಗಳನ್ನು ಕಂಡವುಗಳಾದ್ದರಿಂದ, ಮೂಲೆ ಮುರಿದದ್ದು ಹಾರ್ನ್‌ಬ್ಲೆಂಡ್, ಶಾಯಿಯ ಕಲೆಯಿರುವುದು ಫೆಲ್ಡ್‌ಸ್ಪಾರ್ ಎಂದು ಹುಡುಗರು ಗುರುತಿಟ್ಟುಕೊಳ್ಳುವರು. ಇದೂ ಒಂದು ಬಗೆಯ ಪರಿಶೀಲನಶಕ್ತಿಯೇ ಎಂದು ಒಪ್ಪಬೇಕಾದೀತು! ಅಲ್ಲಲ್ಲಿ ಉತ್ಸಾಹಿಗಳಾದ ಅಧ್ಯಾಪಕರು ಇಲ್ಲವೆಂದಲ್ಲ. ಹುಡುಗರನ್ನು ಕಟ್ಟಿಕೊಂಡು ಬಿಸಿಲಿನಲ್ಲಿ ಬೆಟ್ಟ ಹತ್ತಿಸುವವರೂ ಇದ್ದಾರೆ. ಅದು ಅವರ ಸೌಜನ್ಯವೇ ಹೊರತು ವ್ಯವಸ್ಥೆಯ ಗುಣವಲ್ಲ. ವ್ಯವಸ್ಥೆಯ ಕಣ್ಣಿನಲ್ಲಿ ಕ್ಷೇತ್ರಸಂಚಾರವೆಂಬುದು ವರ್ಷದ ಕೊನೆಯಲ್ಲಿ ಒಂದು ವಿಹಾರ, ದಾರಿಯಲ್ಲಿ ಒಂದು ಜಲಪಾತ, ಒಂದು ದೇವಸ್ಥಾನ, ಒಂದು ಗುಂಪುಚಿತ್ರ. ಕರ್ನಾಟಕದಲ್ಲಿ ಪದವಿಯ ಅವಧಿಯನ್ನು 2021ರಲ್ಲಿ ನಾಲ್ಕು ವರ್ಷಕ್ಕೆ ಏರಿಸಿದರು, 2024ರಲ್ಲಿ ಮರಳಿ ಮೂರಕ್ಕೆ ಇಳಿಸಿದರು. ಮೂರೋ ನಾಲ್ಕೋ ಎಂಬ ಚರ್ಚೆಯಲ್ಲಿ ಹರಿದ ಶಾಯಿಗೆ ಮಿತಿಯಿಲ್ಲ. ಆ ವರ್ಷಗಳೊಳಗೆ ವಿದ್ಯಾರ್ಥಿಯು ಎಷ್ಟು ದಿನ ಬಂಡೆಯ ಮೇಲೆ ಕಳೆಯಬೇಕೆಂಬ ಪ್ರಶ್ನೆಯ ಸದ್ದು ಮಾತ್ರ ಆ ಗದ್ದಲದಲ್ಲಿ ಹೊರಗೆ ಕೇಳಿಸಲಿಲ್ಲ.

ಇದರಿಂದಾಗುವ ಹಾನಿಯು ಬರಿಯ ಅಭ್ಯಾಸದ ಕೊರತೆಯಲ್ಲ. ಶಾಸ್ತ್ರದ ಬೇರಿಗೇ ಬೀಳುವ ಏಟು. ಪಾಠಶಾಲೆಗಳಲ್ಲಿ ತರ್ಕವನ್ನು ಆರಂಭಿಸುವ ಬಾಲಕನಿಗೆ ಮೊದಲು ಹೇಳಿಕೊಡುವ ಸಂಗತಿಯೇನು? ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಅಧಿಕಾರವು, ಹೊಗೆ ಬೆಂಕಿಗಳ ಸಾಹಚರ್ಯವನ್ನು ಅಡುಗೆಮನೆಯಲ್ಲಿ ಮತ್ತೆ ಮತ್ತೆ ಕಂಡವನಿಗೆ ಮಾತ್ರ ಉಂಟು. ಆ ಭೂಯೋದರ್ಶನವಿಲ್ಲದೆ ವ್ಯಾಪ್ತಿಯಿಲ್ಲ, ವ್ಯಾಪ್ತಿಯಿಲ್ಲದೆ ಅನುಮಾನವಿಲ್ಲ. ಭೂಗರ್ಭಶಾಸ್ತ್ರವಾದರೋ ಆದ್ಯಂತವಾಗಿ ಅನುಮಾನಶಾಸ್ತ್ರ. ಅದರ ಸಾಧ್ಯವೆಲ್ಲವೂ ಎಂದೋ ನಡೆದುಹೋದದ್ದು. ಕಣ್ಣಿಗೆ ಕಾಣುವುದು ಹೇತುವೊಂದೇ. ಹವಾಯಿ ದ್ವೀಪದ ಕಡಲಿನಲ್ಲಿ ಮುಳುಗುಗಾರರು ಕಾದ ಲಾವಾರಸವು ನೀರಿಗಿಳಿದು ದಿಂಬುದಿಂಬಾಗಿ ಗಟ್ಟಿಯಾಗುವುದನ್ನು ಕಣ್ಣಾರೆ ಕಂಡರು. ಅದು ಅಡುಗೆಮನೆ. ಮರಡಿಹಳ್ಳಿಯು ಬೆಟ್ಟ. ಅಲ್ಲಿ ಕಂಡ ನಿಯಮದಿಂದ ಇಲ್ಲಿಯ ನೀರನ್ನು ಊಹಿಸುವುದು ನಿರ್ದುಷ್ಟವಾದ ಅನುಮಾನ. ಆದರೆ ಅಡುಗೆಮನೆಯನ್ನೂ ಕಾಣದೆ, ಬೆಟ್ಟವನ್ನೂ ಕಾಣದೆ, ‘ಹೊಗೆಯಿದ್ದಲ್ಲಿ ಬೆಂಕಿ’ ಎಂಬ ವಾಕ್ಯವನ್ನು ಮಾತ್ರ ಕಂಠಸ್ಥ ಮಾಡಿದವನು ತಾರ್ಕಿಕನೆನಿಸುವನೆ? ಪಾಠಶಾಲೆಯವರದು ಗಿಳಿಪಾಠವೆಂದು ನೂರು ವರ್ಷ ನಗೆಯಾಡಿದ ಕಾಲೇಜಿನವರು ತಮ್ಮ ಪಂಜರವನ್ನೂ ಒಮ್ಮೆ ನೋಡಿಕೊಳ್ಳಲಿ.

ಪೆಟ್ಟಿಗೆಯಲ್ಲಿ ಕಲಿಯಲಾಗದ ಸಂಗತಿಗೆ ಒಂದೇ ಉದಾಹರಣೆ ಸಾಕು. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಒಂದು ಕಾಲಕ್ಕೆ ಹಾಸಿಗೆಯಂತೆ ಹರಡಿದ್ದ ಪದರಗಳು ಇಂದು ಹಲವೆಡೆ ನೆಟ್ಟಗೆ ನಿಂತಿವೆ, ಕೆಲವೆಡೆ ಮಗುಚಿಯೂ ಬಿದ್ದಿವೆ. ಯಾವುದು ಮೊದಲು ಹುಟ್ಟಿದ್ದು, ಯಾವುದು ಆಮೇಲಿನದು ಎಂದು ತಿಳಿಯುವುದು ಹೇಗೆ? ಮೇಲಿರುವುದೇ ಕಿರಿಯದೆನ್ನುವಂತಿಲ್ಲ, ಮೇಲು ಕೆಳಗುಗಳೇ ಅದಲುಬದಲಾಗಿವೆಯಷ್ಟೆ. ಇಲ್ಲಿ ದಿಂಬುಗಳು ನೆರವಿಗೆ ಬರುವುವು. ಮೆತ್ತಗಿರುವಾಗಲೇ ಒಂದರ ಮೇಲೊಂದು ಕುಳಿತವುಗಳಾದ್ದರಿಂದ ಪ್ರತಿ ದಿಂಬಿನ ಮೇಲ್ಭಾಗವು ಗುಂಡಗೆ ಉಬ್ಬಿರುವುದು. ಕೆಳಭಾಗವು ತನ್ನ ಅಡಿಯ ಎರಡು ದಿಂಬುಗಳ ನಡುವಣ ಸಂದಿಗೆ ಜಗ್ಗಿ ಬಾಲದಂತೆ ಚೂಪಾಗಿರುವುದು. ಆ ಚೂಪು ಯಾವ ಕಡೆಗಿದೆಯೋ ಆ ಕಡೆಯೇ ಅಂದಿನ ತಳ. ಬಂಡೆಯ ಮುಂದೆ ಮೊಣಕಾಲೂರಿ, ಹತ್ತಾರು ದಿಂಬುಗಳನ್ನು ಬೆರಳಿನಿಂದ ಸವರಿ, ದಿಕ್ಸೂಚಿಯಿಟ್ಟು ಪದರದ ಸಾಲು ಯಾವ ದಿಕ್ಕಿಗೆ ಹರಿದಿದೆ, ಎಷ್ಟು ಅಂಶ ಓಲಿದೆ ಎಂದು ಅಳೆದು, ನಕ್ಷೆಯಲ್ಲಿ ಗೆರೆಯೆಳೆದ ಹುಡುಗನಿಗೆ ಒಂದು ಅಪರಾಹ್ನದಲ್ಲಿ ತಿಳಿಯುವುದು, ಅಂಗೈಯಗಲದ ತುಂಡನ್ನು ಮೂರು ವರ್ಷ ತಿರುಗಿಸಿದರೂ ತಿಳಿಯದು; ಏಕೆಂದರೆ ಒಡೆದು ತಂದ ತುಂಡಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ.

ಈ ಶಾಸ್ತ್ರವನ್ನು ಕಟ್ಟಿದವರೆಲ್ಲರೂ ನಡೆದವರು. 1858ರಲ್ಲಿ ಸರ್ವೇಕ್ಷಣ ಇಲಾಖೆಗೆ ಸೇರಿದ ರಾಬರ್ಟ್ ಬ್ರೂಸ್ ಫೂಟನು ದಕ್ಷಿಣ ದೇಶವನ್ನು ಸುತ್ತಿ, 1880ರ ದಶಕದಲ್ಲಿ ‘ಧಾರವಾಡ’ದ ಹೆಸರಿನಲ್ಲಿ ಒಂದು ಶಿಲಾವರ್ಗವನ್ನು ಲೋಕಕ್ಕೆ ತೋರಿಸಿಕೊಟ್ಟನು, 1894ರಲ್ಲಿ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆ ಹುಟ್ಟಿದಾಗ ಅದರ ಮೊದಲ ಮುಖ್ಯಸ್ಥನೂ ಅವನೇ. ಇದಕ್ಕಿಂತಲೂ ಮನಸ್ಸಿಗೆ ನಾಟುವ ಕಥೆ ಕಬ್ಬಾಳದುರ್ಗದ್ದು. ಚಾರ್ನೊಕೈಟ್ ಎಂಬ ಕಪ್ಪು ಛಾಯೆಯ ಶಿಲೆಗೆ ಆ ಹೆಸರು ಬಂದದ್ದು ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕನ ಗೋರಿಯ ಕಲ್ಲಿನಿಂದ. ಇಟ್ಟವನು ಥಾಮಸ್ ಹಾಲೆಂಡ್, 1893ರಲ್ಲಿ. ಆ ಶಿಲೆ ಹುಟ್ಟುವುದು ಹೇಗೆಂಬುದು ಬಹುಕಾಲ ವಿವಾದದ ವಿಷಯವಾಗಿದ್ದಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದ ಸಿ. ಎಸ್. ಪಿಚ್ಚಮುತ್ತು ಅವರು ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದ ಕಲ್ಲುಗಣಿಯಲ್ಲಿ, ಬೂದುಬಣ್ಣದ ನೈಸ್ ಶಿಲೆಯ ಮೈಯಲ್ಲಿ ಎಣ್ಣೆಪಸೆಯ ಹಸುರುಗಪ್ಪು ಮಚ್ಚೆಗಳು ಎದ್ದಿರುವುದನ್ನು ಕಂಡರು. ಒಂದೇ ಬಂಡೆ, ಇಲ್ಲಿ ನೈಸ್, ಒಂದು ಗೇಣು ಆಚೆಗೆ ಚಾರ್ನೊಕೈಟ್! ಶಿಲೆಯೊಂದು ಮತ್ತೊಂದಾಗುತ್ತಿರುವ ಹೊತ್ತಿಗೇ ಕಾಲವು ಅದನ್ನು ಹಿಡಿದು ನಿಲ್ಲಿಸಿದಂತಿದ್ದಿತು. 1960ರಲ್ಲಿ ಅವರು ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದ ಮೇಲೆ, ಹೊರದೇಶದ ವಿದ್ವಾಂಸರೂ ಆ ಗಣಿಯನ್ನು ಹುಡುಕಿಕೊಂಡು ಬಂದರು. ಇಂಗಾಲಾಮ್ಲವನ್ನು ಹೊತ್ತ ಆವಿಯು ಬಿರುಕುಗಳಲ್ಲಿ ಏರಿ ಶಿಲೆಯೊಳಗಿನ ನೀರಿನಂಶವನ್ನು ಹೊರದೂಡಿದುದರಿಂದ ಈ ಮಾರ್ಪಾಟಾಯಿತೆಂದು ವಿವರಿಸಿದರು. ಕಲ್ಲುಗಣಿಯ ಕೆಲಸಗಾರರು ದಿನವೂ ಒಡೆಯುತ್ತಿದ್ದ ಕಲ್ಲು ಅದು. ಬೆಂಗಳೂರಿನಿಂದ ಅಲ್ಲಿಗೆ ಒಂದು ದಿನದಲ್ಲಿ ಹೋಗಿ ಬರಬಹುದು. ಹೋದವರಿಗೆ ಮಾತ್ರ ಅದು ದೂರವಲ್ಲ.

ಇರಲಿ, ವಿದ್ವಾಂಸರ ಮಾತಾಯಿತು. ಊರಿನ ರೈತನಿಗೂ ಈ ಓದಿಗೂ ಏನು ಸಂಬಂಧವೆಂದು ಕೇಳುವವರುಂಟು. ಸಂಬಂಧವು ಅವನ ಬಾಯೊಳಗಿನ ಹಲ್ಲಿನವರೆಗೂ ಉಂಟು.

ಖನಿಜಗಳ ಗಡಸುತನವನ್ನು ಅಳೆಯುವುದಕ್ಕೆ ಮೋಸ್ ಎಂಬ ಜರ್ಮನ್ ಪಂಡಿತನು 1812ರಲ್ಲಿ ಹತ್ತು ಮೆಟ್ಟಿಲಿನ ಒಂದು ಶ್ರೇಣಿಯನ್ನು ಏರ್ಪಡಿಸಿದನು. ಅದರ ಮೊದಲ ಮೆಟ್ಟಿಲು ಟಾಲ್ಕ್. ಎಂದರೆ ಬಳಪದ ಕಲ್ಲಿನ ಜೀವಾಳ. ಅಕ್ಷರಾಭ್ಯಾಸದ ದಿನ ಹಲಗೆಯ ಮೇಲೆ ಓಂ ನಾಮ ಬರೆದ ಕನ್ನಡದ ಕೂಸು ಮೋಸನ ಶ್ರೇಣಿಯ ಮೊದಲ ಮೆಟ್ಟಿಲನ್ನು ಆಗಲೇ ಏರಿದ್ದಿತು. ಬೇಲೂರು ಹಳೆಯಬೀಡುಗಳ ಶಿಲ್ಪಿಯೂ ಆ ಜಾತಿಯ ಮೆದುಕಲ್ಲನ್ನೇ ಹುಡುಕಿ ಆರಿಸಿಕೊಂಡಿದ್ದನು. ಇದನ್ನು ಹುಡುಗನಿಗೆ ಯಾರೂ ಹೇಳರು. ಅವನು ಹತ್ತು ಹೆಸರುಗಳನ್ನು ಇಂಗ್ಲಿಷಿನಲ್ಲಿ ಮಂತ್ರದಂತೆ ಒಪ್ಪಿಸುವನು: ನಾಲ್ಕನೆಯದು ಫ್ಲೋರೈಟ್, ಐದನೆಯದು ಅಪಟೈಟ್. ಮುಂದಿನದನ್ನು ಗಮನಿಸಿ. ಈ ಎರಡು ಖನಿಜಗಳಲ್ಲಿಯೂ, ಕಪ್ಪು ಕಾಗೆಬಂಗಾರದಲ್ಲಿಯೂ ಫ್ಲೋರೈಡಿನ ಅಂಶವುಂಟು. ಗ್ರಾನೈಟು ನೈಸುಗಳ ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುವುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಕೂಡದು. ಪಾವಗಡ, ಚಿತ್ರದುರ್ಗ, ಕೋಲಾರದ ಸೀಮೆಗಳಲ್ಲಿ ಕೊಳವೆಬಾವಿಗಳನ್ನು ಆಳಕ್ಕೆ, ಇನ್ನೂ ಆಳಕ್ಕೆ ಇಳಿಸುತ್ತ ಹೋದಂತೆ ಈ ಮಿತಿ ಮೀರಿದ ನೀರೇ ಊರೂರಿನ ಪಾಲಾಯಿತು. ಮಕ್ಕಳ ಹಲ್ಲು ಕಂದಿತು, ಮುದುಕರ ಬೆನ್ನು ಬಾಗಿತು. ಮೋಸನ ನಾಲ್ಕನ್ನೂ ಐದನ್ನೂ ಬಾಯಿಪಾಠ ಮಾಡಿ ಅಂಕ ಗಳಿಸಿದ ಪದವೀಧರನು ಹಬ್ಬಕ್ಕೆ ಊರಿಗೆ ಬಂದು, ತಮ್ಮನ ಕಂದು ಹಲ್ಲನ್ನು ನೋಡಿ, ಇದು ಹಲ್ಲುಜ್ಜದ ಸೋಮಾರಿತನವೆಂದು ಗದರುವನು. ಅವನಲ್ಲಿ ಮಾಹಿತಿಯ ಕೊರತೆಯಿಲ್ಲ. ಆ ಹೆಸರುಗಳು ತನ್ನ ಅಂಗಳದ ಕಲ್ಲಿನವು ಎಂಬುದನ್ನು ಅವನಿಗೆ ಯಾರೂ ಕೈಹಿಡಿದು ತೋರಿಸಲಿಲ್ಲ, ಅಷ್ಟೆ.

ಬಾವಿಯ ಸಂಗತಿಯೂ ಹಾಗೆಯೇ. ಇಂಥ ಗಟ್ಟಿಶಿಲೆಯ ನಾಡಿನಲ್ಲಿ ನೀರು ನಿಲ್ಲುವುದು ಮೇಲಿನ ಗರಸಿನಲ್ಲಿ, ಇಲ್ಲವೆ ಕೆಳಗಿನ ಬಿರುಕುಗಳಲ್ಲಿ. ನೈಸನ್ನು ಸೀಳಿಕೊಂಡು ಮೈಲುಗಟ್ಟಲೆ ಹರಿದಿರುವ ಕರಿಕಲ್ಲಿನ ಗೋಡೆಗಳುಂಟು. ನೆಲದ ಮೇಲೆ ಗುಂಡುಗಳ ಸಾಲಿನಂತೆ ಕಾಣುವ ಇವು ಎಷ್ಟೋ ಕಡೆ ನೆಲದೊಳಗೆ ಕಟ್ಟೆಯಂತೆ ನೀರನ್ನು ತಡೆಯುವುವು. ಗೋಡೆಯ ಯಾವ ಮಗ್ಗುಲಲ್ಲಿ ಕೊರೆಯಬೇಕೆಂಬುದನ್ನು ತಿಳಿದರೆ ರೈತನ ಹೆಂಡತಿಯ ಓಲೆ ಅಡವಿಗೆ ಹೋಗದೆ ಉಳಿದೀತು. ಆದರೆ ಪದವೀಧರನನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಅವನಿಗೆ ಧೈರ್ಯವಿಲ್ಲ. ಆದುದರಿಂದ ಕವಲುಕಡ್ಡಿ ಹಿಡಿದವನೂ ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸುವವನೂ ಆ ಸ್ಥಾನವನ್ನು ತುಂಬುವರು. ಇವರನ್ನು ಹಳಿದು ಫಲವೇನು? ಅವರಾದರೂ ಹೊಲಕ್ಕೆ ಬಂದು ನಾಲ್ಕು ಹೆಜ್ಜೆ ನಡೆಯುವರು.

ಇಲ್ಲಿ ಸಂಪ್ರದಾಯಾಭಿಮಾನಿಗಳು ಎದ್ದುನಿಂತು, ವರಾಹಮಿಹಿರನು ಬೃಹತ್ಸಂಹಿತೆಯ ದಗಾರ್ಗಲಾಧ್ಯಾಯದಲ್ಲಿ ಅಂತರ್ಜಲವನ್ನು ಹುಡುಕುವ ಬಗೆಯನ್ನೆಲ್ಲ ಹೇಳಿಟ್ಟಿದ್ದಾನೆ, ಹೊಸದಾಗಿ ಕಲಿಯತಕ್ಕದ್ದೇನೂ ಇಲ್ಲವೆಂದು ಸಾರುವರು. ಆ ಅಧ್ಯಾಯವನ್ನು ನಿಜವಾಗಿ ಓದಿದವರು ಹೀಗೆ ಹೇಳಲಾರರು. ಅದರಲ್ಲಿರುವುದೇನು? ಇಂಥ ಮರದಿಂದ ಇಂಥ ದಿಕ್ಕಿಗೆ ಹುತ್ತವಿದ್ದರೆ, ಇಷ್ಟು ಆಳು ಅಗೆದಾಗ ಇಂಥ ಬಣ್ಣದ ಮಣ್ಣು, ಇಂಥ ಕಲ್ಲು, ಕಪ್ಪೆ ಸಿಕ್ಕಿದರೆ, ಎಂದು ಸಾಲುಸಾಲಾಗಿ ನೆಲದ ಮೇಲಿನ ಗುರುತುಗಳು. ಅವುಗಳಲ್ಲಿ ಇಂದು ನಿಲ್ಲುವುವೆಷ್ಟು, ಬೀಳುವುವೆಷ್ಟು ಎಂಬುದನ್ನು ಗುದ್ದಲಿ ನಿರ್ಧರಿಸಬೇಕು. ಆದರೆ ಆ ಆಚಾರ್ಯನು ಮನೆಯ ಹೊರಗೆ ಬೆರಳು ತೋರಿಸುತ್ತಿದ್ದಾನೆಂಬುದರಲ್ಲಿ ಸಂಶಯವಿಲ್ಲ. ಅವನ ಹೆಸರು ಹೇಳಿ ಮನೆಯೊಳಗೆ ಕುಳಿತುಕೊಳ್ಳುವುದು ಅವನಿಗೆ ಮಾಡುವ ಅಪಚಾರ.

ಎರಡನೆಯ ಪಕ್ಷದವರು ಇಂಗ್ಲಿಷಿನ ಅಭಿಮಾನಿಗಳು. ಕನ್ನಡದಲ್ಲಿ ಈ ಶಾಸ್ತ್ರಕ್ಕೆ ಪದಗಳಿಲ್ಲವೆಂಬುದು ಅವರ ವಾದ. ಇವರಿಗೆ ಉತ್ತರವಾಗಿ ಜಂಬಿಟ್ಟಿಗೆಯೊಂದನ್ನು ಎತ್ತಿ ಎಸೆದರೆ ಸಾಕು. ಲ್ಯಾಟರೈಟ್ ಎಂಬ ಶಬ್ದವು ಇಂದು ಸರ್ವದೇಶಗಳ ಗ್ರಂಥಗಳಲ್ಲಿಯೂ ಇರುವುದು. ಅದನ್ನು 1807ರಲ್ಲಿ ಪ್ರಕಟಿಸಿದ ಫ್ರಾನ್ಸಿಸ್ ಬುಕ್ಯಾನನ್ನನು ಮಲಬಾರಿನಲ್ಲಿ ಜನರು ಆ ಕಲ್ಲನ್ನು ಕಡಿದು ಇಟ್ಟಿಗೆಯಂತೆ ಗೋಡೆಗಿಡುವುದನ್ನು ಕಂಡನು; ಅವರು ಅದನ್ನು ಇಟ್ಟಿಗೆಕಲ್ಲು ಎನ್ನುವುದನ್ನೂ ಕೇಳಿ ಬರೆದುಕೊಂಡನು; ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಶಬ್ದದಿಂದ ಹೆಸರನ್ನು ಕಟ್ಟಿದನು. ಎಂದರೆ ಲೋಕದ ಪಂಡಿತರೆಲ್ಲರೂ ಗೌರವದಿಂದ ಉಚ್ಚರಿಸುವ ಆ ಪದವು ಕಲ್ಲುಕಡಿಯುವವನ ಬಾಯಿಮಾತಿನ ಭಾಷಾಂತರ. ನೈಸ್, ಕ್ವಾರ್ಟ್ಜ್ ಎಂಬುವಾದರೂ ಜರ್ಮನಿಯ ಗಣಿಗಾರರ ಆಡುಮಾತುಗಳೇ ಹೊರತು ಯಾವ ಮಹಾಪಂಡಿತನೂ ಸೃಷ್ಟಿಸಿದವಲ್ಲ. ಅಲ್ಲಿಯ ಗಣಿಗಾರನ ಮಾತು ಶಾಸ್ತ್ರವಾಗಬಹುದು, ಇಲ್ಲಿಯ ಕಲ್ಲುಕುಟಿಗನ ಬೆಣಚು, ಕರಿಕಲ್ಲು, ಬಳಪ, ಗರಸು, ಮುರಕಲ್ಲು, ಕುರಂದ ಎಂಬುವು ಆಗಬಾರದೆ?

ಇದೇ ಸಂದರ್ಭದಲ್ಲಿ ಸಂಸ್ಕೃತಜ್ಞರಿಗೂ ಒಂದು ಮಾತು ಸಲ್ಲಬೇಕು. ಅಗ್ನಿಶಿಲೆ, ರೂಪಾಂತರಶಿಲೆ ಮೊದಲಾದ ಶಬ್ದಗಳು ಚೆನ್ನಾಗಿವೆ. ಕೇಳಿದೊಡನೆ ಅರ್ಥ ಹೊಳೆಯುವುದು. ಅಭ್ರಕವು ವೈದ್ಯಗ್ರಂಥಗಳಷ್ಟು ಹಳೆಯದು. ಆದರೆ ಊರಿನಲ್ಲಿ ಬದುಕಿರುವ ಮಾತನ್ನು ಕೊಂದು ಅದರ ಸ್ಥಾನದಲ್ಲಿ ನಾಲ್ಕು ಪದಗಳ ಸಮಾಸವನ್ನು ಕೂರಿಸುವ ಚಟವು ಭಾಷೆಗೆ ಶೋಭೆಯಲ್ಲ. ಬೆಣಚುಕಲ್ಲೆಂದರೆ ದನಕಾಯುವ ಹುಡುಗನೂ ಎರಡು ಆಯ್ದು ತಂದು ಉಜ್ಜಿ ಕಿಡಿ ತೋರಿಸುವನು. ಸಮಾಸವನ್ನು ಹೇಳಿದರೆ ಪಂಡಿತನೂ ಕೋಶವನ್ನು ತೆರೆಯಬೇಕು. ಹಳೆಯ ಮೈಸೂರಿನಲ್ಲಿ 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು. ಶತಮಾನ ಕಳೆದ ಮೇಲೆಯೂ ಕನ್ನಡದಲ್ಲಿ ಪದವಿಲ್ಲವೆನ್ನುವವರು ಪದವನ್ನು ಹುಡುಕಿದವರಲ್ಲವೆಂದೇ ತಿಳಿಯಬೇಕು.

ಇನ್ನುಳಿದ ಆಕ್ಷೇಪಗಳು ಸಣ್ಣವು. ಹಣವಿಲ್ಲವೆನ್ನುವರು. ಸುತ್ತಿಗೆ, ದಿಕ್ಸೂಚಿ, ಮಸೂರ, ಬುತ್ತಿ, ಹಳ್ಳಿಯ ಬಸ್ಸಿನ ಚೀಟಿ, ಇವುಗಳ ವೆಚ್ಚವು ಒಂದು ವಾರ್ಷಿಕೋತ್ಸವದ ಚಪ್ಪರಕ್ಕೆ ಸಮನಾಗದು. ಹೆಣ್ಣುಮಕ್ಕಳನ್ನು ಬೆಟ್ಟಗುಡ್ಡಕ್ಕೆ ಕಳುಹಿಸುವುದು ಹೇಗೆ ಎನ್ನುವರು. ಹೆಂಗಸರು ಗಣಿಯೊಳಗೆ ಇಳಿದು ದುಡಿಯಬಾರದೆಂದು 1952ರ ಗಣಿ ಕಾಯಿದೆಯಲ್ಲಿದ್ದ ತಡೆಯನ್ನೇ ಕೇಂದ್ರ ಸರಕಾರವು 2019ರಲ್ಲಿ ಸಡಿಲಿಸಿತು. ಪಾತಾಳಕ್ಕೆ ಇಳಿಯಬಹುದಾದವಳು ಮರಡಿಯನ್ನು ಹತ್ತಬಾರದೆ? ಕೆಲಸ ಸಿಕ್ಕುವುದಿಲ್ಲ, ಕೋಲಾರದ ಚಿನ್ನದ ಗಣಿಯೇ 2001ರಲ್ಲಿ ಮುಚ್ಚಿಹೋಯಿತು, ಸರ್ವೇಕ್ಷಣ ಇಲಾಖೆಯ ಪರೀಕ್ಷೆಗೆ ಎಂ.ಎಸ್‌ಸಿ. ಆಗಲೇಬೇಕು ಎನ್ನುವರು. ಇದರಲ್ಲಿ ಸತ್ಯಾಂಶವುಂಟು. ಆದುದರಿಂದಲೇ ಬಿ.ಎಸ್‌ಸಿ. ಮಾತ್ರ ಓದಿ ಊರಿಗೆ ಮರಳುವ ಬಹುಸಂಖ್ಯಾತರಿಗೆ ಊರಿನಲ್ಲಿ ನಡೆಯುವ ವಿದ್ಯೆ ಬೇಕು. ಮುಂದೆ ಓದುವವನು ನೆಲವನ್ನು ಆಮೇಲೆಯಾದರೂ ಕಂಡಾನು. ಇಲ್ಲಿಗೇ ನಿಲ್ಲುವವನಿಗೆ ಮತ್ತೊಂದು ಅವಕಾಶವಿಲ್ಲ.

ವಿಶ್ವವಿದ್ಯಾನಿಲಯಗಳು ಮನಸ್ಸು ಮಾಡಿದರೆ ಮಾಡಬೇಕಾದದ್ದು ಬಹಳವಿಲ್ಲ. ಮೊದಲನೆಯ ವರ್ಷದ ಮೊದಲನೆಯ ಪಾಠವು ಬೆಂಗಳೂರಿನವರಿಗೆ ಲಾಲ್‌ಬಾಗಿನ ಬಂಡೆಯ ಮೇಲೆ ನಡೆಯಲಿ. ಕೆಂಪೇಗೌಡನ ಗೋಪುರವನ್ನು ಹೊತ್ತಿರುವ ಆ ನೈಸ್ ಶಿಲೆ 300 ಕೋಟಿ ವರ್ಷಗಳದೆಂದು ಅಲ್ಲಿಯೇ ಕುಳಿತು ಕೇಳಲಿ. ತುಮಕೂರಿನವರಿಗೆ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಆದಿಜೀವಿಗಳು ಬಿಟ್ಟುಹೋದ ಪದರಗಳುಂಟು. ಅಚ್ಚಿನ ಶಂಖವನ್ನು ಆಮೇಲೆ ನೋಡಬಹುದು. ಪ್ರಾಯೋಗಿಕ ಪರೀಕ್ಷೆಯ ಅರ್ಧದಷ್ಟು ಅಂಕವು ಹೊರಗಿನ ಕೆಲಸಕ್ಕೆ ಸಲ್ಲಲಿ. ಕೊನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಹುಟ್ಟೂರಿನ ಸುತ್ತ ಒಂದು ಹರಿದಾರಿಯ ನೆಲವನ್ನು ತಾನೇ ನಡೆದು, ಅಲ್ಲಿಯ ಕಲ್ಲು, ಮಣ್ಣು, ಕರಿಕಲ್ಲಿನ ಗೋಡೆ, ಬತ್ತಿದ ಬಾವಿ, ಬತ್ತದ ಬಾವಿಗಳನ್ನು ಗುರುತಿಸಿ ನಕ್ಷೆಯೊಂದನ್ನು ಬರೆಯಲಿ. ಬಾವಿ ತೋಡಿದ ಮುದುಕರನ್ನು ಕೇಳಿ ಅವರ ಮಾತುಗಳನ್ನೇ ಅದರಲ್ಲಿ ನಮೂದಿಸಲಿ. ಅದನ್ನು ಒಪ್ಪಿಸದವನಿಗೆ ಪದವಿಯಿಲ್ಲವೆಂದು ವಿಧಿಸಲಿ. ನಕ್ಷೆಯ ಒಂದು ಪ್ರತಿ ಕಾಲೇಜಿನಲ್ಲಿರಲಿ. ಕನ್ನಡದಲ್ಲಿ ಬರೆದ ಇನ್ನೊಂದು ಪ್ರತಿಯನ್ನು ಆ ಊರಿನ ಗ್ರಾಮ ಪಂಚಾಯಿತಿಯ ಗೋಡೆಗೆ, ಕೊಳವೆಬಾವಿಯ ಅರ್ಜಿ ಕೊಡಲು ಬಂದ ರೈತನು ನಿಲ್ಲುವ ಕಡೆಯಲ್ಲಿ, ಕಣ್ಣಿಗೆ ಕಾಣುವಂತೆ ತೂಗುಹಾಕಲಿ.